ಕರೆಹಲ್ಲಿನ ಲೆಕ್ಕಕ್ಕೆ ಕೂತ ರಂಗಧಾಮ

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲನ್ನ ಅರ್ಧ ಮುಂದಕ್ಕೆ ಹಾಕಿ. ಪೂರ್ತಿ ಹಾಕಬೇಡಿ, ಪೂರ್ತಿ ಹಾಕಿದರೆ ಒಳಗೇನೋ ನಡೀತಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತೆ. ಈ ಮಾತು ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಆಡಬಾರದು, ಆಣೆ ಮಾಡಿ. ನಿಮ್ಮ ಮಗಳಿಗೆ ಹೇಳ್ತೀರಾ? ಹೇಳಿ. ಆದರೆ ಅವಳ ಹತ್ತಿರಾನೂ ಆಣೆ ಹಾಕಿಸ್ಕೊಂಡೇ ಹೇಳಿ. ಮಾತು ಯಾರದು ಅಂದರೆ, ನಮ್ಮ ಮನೆಗೆ ಅಂಟಿಕೊಂಡಿರೋ ಗಂಗಹನುಮಕ್ಕನ ಮಗ ರಂಗಧಾಮನದು. ಎರಡು ಮನೆಗೂ ಗೋಡೆ ಒಂದೇ, ಅದೂ ಒಂದು ಇಟ್ಟಿಗೆ ದಪ್ಪ. ನಾನೇನು ಕಿವಿ ಇಟ್ಟು ಕೇಳಿದವಳಲ್ಲ.

ಹನುಮಕ್ಕನಿಗೆ ಒಬ್ಬನೇ ಮಗ. ನೋಡೋಕೆ ಲಕ್ಷಣ, ಕೆಲಸದಲ್ಲಿ ಮೈಗಳ್ಳನಲ್ಲ, ಎದುರು ಮಾತಾಡಿದವನಲ್ಲ. ಹೇಳಿದ್ದನ್ನ ಮಾಡ್ತಾನೆ. ಅದೇ ಅವನ ಕಾಯಿಲೆ, ಹೇಳಿದ್ದನ್ನೇ ಮಾಡ್ತಾನೆ!

ಹನ್ನೊಂದು ವರ್ಷದವನಿದ್ದಾಗ ಅಮ್ಮ ಅಂದಳು, "ಟ್ಯಾಂಕರ್ ಬರುತ್ತೆ, ಕೊಡ ಸಾಲಿನಲ್ಲಿ ಇಟ್ಟು ಬಾರೋ." ಇಟ್ಟು ಬಂದ. ಸಾಲು ಮುಂದೆ ಹೋಯಿತು, ಕೊಡ ಅಲ್ಲೇ ಕೂತಿತ್ತು. ಟ್ಯಾಂಕರ್ ಬಂದು ಖಾಲಿಯಾಗಿ ಹೋಯಿತು.

"ನೀರೆಲ್ಲೋ?"

"ಟ್ಯಾಂಕರಲ್ಲಿ."

"ಕೊಡ ಎಲ್ಲೋ?"

"ಸಾಲಲ್ಲಿ. ಇಟ್ಟು ಬಾ ಅಂದೆ, ಇಟ್ಟು ಬಂದೆ."

"ಅಯ್ಯೋ ದಡ್ಡಾ! ಕೊಡದ ಜೊತೆಗೇ ನಿಂತಿರಬೇಕು ಕಣೋ!"

ಆಯ್ತು ಅಂದ. ಮಾರನೆಯ ದಿನ ಟ್ಯಾಂಕರೇ ಬರಲಿಲ್ಲ. ಸಾಲಿನವರೆಲ್ಲ ಬೈಕೊಂಡು ಮನೆಗೆ ಹೋದರು. ಇವನು ಹೋಗಲಿಲ್ಲ. ಕೊಡದ ಜೊತೆಗೆ ನಿಂತ. ಬಿಸಿಲು ನೆತ್ತಿಗೆ ಬಂತು, ಇಳೀತು, ನಿಂತೇ ಇದ್ದ. ಕೊನೆಗೆ ಹನುಮಕ್ಕನೇ ಹೋಗಿ, ಒಂದು ಕೈಲಿ ಕೊಡ, ಒಂದು ಕೈಲಿ ಮಗನನ್ನ ಹಿಡಿದು ಕರಕೊಂಡು ಬಂದಳು. ಎರಡೂ ಖಾಲಿ ಅಂತ ಬೀದಿಯವರು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ.

ನಮ್ಮ ಕೆಂಚಯ್ಯನಪಾಳ್ಯದ ನೀರಿನ ಸಂಗತಿ ನಿಮಗೆ ಗೊತ್ತಲ್ಲ. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಬೋರ್‌ವೆಲ್ ನೀರೇ ಗತಿ. ಅದರಲ್ಲಿ ಫ್ಲೋರೈಡ್ ಅಂತೆ. ಚಿಕ್ಕಂದಿನಿಂದ ಕುಡಿದವರ ಹಲ್ಲಿಗೆ ಕಂದು ಕರೆ ಹಿಡಿಯುತ್ತೆ, ಉಜ್ಜಿದರೂ ಹೋಗಲ್ಲ. ವಯಸ್ಸಾಗುತ್ತಾ ಮೂಳೆ ಬಿಗಿಯುತ್ತೆ. ಹನುಮಕ್ಕ ಐವತ್ತೆರಡಕ್ಕೇ ಕತ್ತು ತಿರುಗಿಸಲಾರಳು. ಕೂಗಿದರೆ ಬಾಗಿಲು ತಿರುಗಿದ ಹಾಗೆ ಮೈಯನ್ನೆಲ್ಲ ತಿರುಗಿಸಿ ನೋಡ್ತಾಳೆ. ಅವಳಿಗೆ ಇರೋದು ಒಂದೇ ಆಸೆ. ತನ್ನ ಕತ್ತು ಹೋಯಿತು, ಹೋಗಲಿ. ನಾಳೆ ಮೊಮ್ಮಗು ಅಂತ ಒಂದು ಹುಟ್ಟಿದರೆ ಅದಾದರೂ ಒಳ್ಳೆ ನೀರು ಕುಡೀಲಿ. ಪಾಳ್ಯಕ್ಕೊಂದು ಫಿಲ್ಟರ್ ನೀರಿನ ಘಟಕ ಬರಲಿ.

ಅದಕ್ಕೆ ಸರಿಯಾಗಿ ಪೇಟೆಯಲ್ಲಿ ಒಂದು ಸರ್ವೇ ಆಫೀಸು ತೆರೀತು. ನಲವತ್ತು ಊರಿನ ಹಲ್ಲು ಲೆಕ್ಕ ಹಾಕೋದು, ಕರೆಹಲ್ಲಿನವರು ಹೆಚ್ಚಿರೋ ಹತ್ತು ಊರಿಗೆ ಮೊದಲು ಘಟಕ ಕೊಡೋದು. ಆಫೀಸಿಗೆ ಮಂಗಳೂರು ಕಡೆಯ ಜೆಸಿಂತಾ ಮೇಡಂ ದೊಡ್ಡವರು. ರಂಗಧಾಮ ಕಂಪ್ಯೂಟರ್ ಕಲಿತಿದ್ದ, ಕೀಲಿಮಣೆ ಮೇಲೆ ಬೆರಳು ಓಡಿಸೋದರಲ್ಲಿ ಹುಲಿ. ಕೆಲಸ ಸಿಕ್ಕಿತು. ಮೊದಲ ದಿನ ಸಂಜೆ ಬಂದವನು ಅಮ್ಮನಿಗೆ ವಿವರಿಸಿದ.

"ಅಮ್ಮ, ಅದೊಂದು ಅಂಕಿಅಂಶದ ಸಾಫ್ಟ್‌ವೇರು. ಸಾವಿರ ಫಾರಮ್ಮು ತುಂಬಿದರೂ ಸರಾಸರಿ, ಶೇಕಡಾ ಎಲ್ಲಾ ತೆಗೆದುಕೊಡುತ್ತೆ. ಆದರೆ ಕರೆಹಲ್ಲಿನ ಲೆಕ್ಕ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಮೇಡಂ ತಾವೇ ಅಪ್ಪಣೆಗಳನ್ನ ಬರೆದು ಒಂದು ಕಡೆ ಕೂಡಿಟ್ಟಿದಾರೆ. ಲೈಬ್ರರಿ ಅಂತಾರೆ. ಕೆಲಸದ ಮೊದಲು ಅದನ್ನ ಹೆಸರು ಹಿಡಿದು ಕರೆದರೆ ಸಾಕು, ಒಳಗಿರೋ ಅಪ್ಪಣೆಯೆಲ್ಲ ತಾನಾಗೇ ನಡೀತದೆ."

"ಪುಸ್ತಕ ಇರಲ್ವಾ ಅದರಲ್ಲಿ?"

"ಒಂದೂ ಇಲ್ಲ."

"ಹಂಗಾದ್ರೆ ಸಾರಿನ ಪುಡಿ ಡಬ್ಬಿ ಅನ್ನು. ಒಂದ್ಸಲ ಹುರಿದು ಕುಟ್ಟಿಟ್ಟರೆ ದಿನಾ ಒಂದು ಚಮಚ. ಆ ಡಬ್ಬಿಯಿಂದ ಯಾರ್ಯಾರು ಹಾಕ್ಕೋತಾರೆ?"

"ಆಫೀಸಿನ ಆರೂ ಜನ."

"ನೀನೂ ಕೈ ಹಾಕ್ತೀಯೇನೋ ಅದಕ್ಕೆ?"

"ಹ್ಞೂಂ. ನಾನು ಹೇಳಿದ್ದನ್ನೆಲ್ಲ ಅದರಲ್ಲಿ ಬರೆದಿಡು, ಪದೇ ಪದೇ ಬಂದು ನನ್ನ ಮಂಡೆ ತಿನ್ನಬೇಡ ಅಂದ್ರು ಮೇಡಂ."

ಹನುಮಕ್ಕನಿಗೆ ಇವನ ಕೈಗುಣ ಗೊತ್ತು. ಒಂದು ದಿನದ ಸಾರಿಗೆ ಉಪ್ಪು ಜಾಸ್ತಿಯಾದರೆ ಒಂದು ದಿನ ಉಣ್ಣಬಹುದು. ಪುಡಿ ಡಬ್ಬಿಗೇ ಉಪ್ಪು ಬಿದ್ದರೆ?

ಬಿತ್ತು. ಕೇಳಿ.

ಫಾರಮ್ಮುಗಳಲ್ಲಿ 'ಉದುರಿದ ಹಲ್ಲು ಎಷ್ಟು' ಅಂತ ಒಂದು ಕಲಂ. ಹಲ್ಲು ಉದುರದವರ ಮನೆಯಲ್ಲಿ ಸರ್ವೇ ಹುಡುಗಿಯರು ಏನೂ ಬರೆಯದೆ ಬಿಟ್ಟಿದ್ದರು. ರಂಗಧಾಮನೂ ಖಾಲಿ ಬಿಟ್ಟ. ಸಾಫ್ಟ್‌ವೇರು ಅಲ್ಲೇ ನಿಂತುಬಿಟ್ಟಿತು.

"ಎಂಥದು ಮಾರಾಯಾ ಇದು!" ಅಂದರು ಮೇಡಂ. "ಖಾಲಿ ಕಂಡಲ್ಲಿ ಸೊನ್ನೆ ಹಾಕಬೇಕು. ಅಷ್ಟೂ ಗೊತ್ತಾಗುವುದಿಲ್ಲವಾ?"

ಗೊತ್ತಾಯಿತು. ಲೈಬ್ರರಿ ತೆಗೆದ, ಬರೆದಿಟ್ಟ: ಖಾಲಿ ಕಂಡಲ್ಲಿ ಸೊನ್ನೆ.

ಮುಂದಿನ ವಾರ ವಯಸ್ಸಿನ ಲೆಕ್ಕ. ನಮ್ಮ ಕಾಲದವರಿಗೆ ವಯಸ್ಸು ಯಾರಿಗೆ ಗೊತ್ತು? ನನ್ನನ್ನೇ ಕೇಳಿದರೆ ದೊಡ್ಡ ಪ್ಲೇಗು ಬಂದು ಹೋದ ಎಷ್ಟೋ ವರ್ಷಕ್ಕೆ ಹುಟ್ಟಿದೆ ಅಂತೀನಿ. ಮುದುಕಿಯರ ವಯಸ್ಸಿನ ಕಲಮ್ಮೆಲ್ಲ ಖಾಲಿ. ಮೇಡಂ ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

"ರಂಗಧಾಮಾ! ಕೆಂಚಯ್ಯನಪಾಳ್ಯದಲ್ಲಿ ಸೊನ್ನೆ ವರ್ಷದ ಹದಿನೇಳು ಅಜ್ಜಿಯರು ಉಂಟು! ಹುಟ್ಟುವಾಗಲೇ ಹಲ್ಲು ಉದುರಿ, ಹುಟ್ಟುವಾಗಲೇ ಮೊಮ್ಮಕ್ಕಳು!"

"ಖಾಲಿ ಇತ್ತು ಮೇಡಂ. ಸೊನ್ನೆ ಹಾಕಿದೆ."

"ಸೊನ್ನೆ ವಯಸ್ಸಿನ ಅಜ್ಜಿ ಇರುತ್ತಾರಾ ಮಾರಾಯಾ? ಸೊನ್ನೆ ಕಂಡರೆ ಆ ಸಾಲನ್ನೇ ಕಿತ್ತು ಹಾಕು!"

ಸರಿ ಅಂದ. ಲೈಬ್ರರಿ ತೆಗೆದ, ಬರೆದಿಟ್ಟ: ಸೊನ್ನೆ ಕಂಡರೆ ಸಾಲು ಕಿತ್ತು ಹಾಕು.

ಆಮೇಲೆ ಬಂತು ಕರೆಹಲ್ಲಿನ ಕಲಂ. ಹಲ್ಲು ಬೆಳ್ಳಗಿರೋ ಮಕ್ಕಳಿಗೆ ಅಲ್ಲಿ ಸೊನ್ನೆ ಇರುತ್ತೆ, ಅದು ಒಳ್ಳೆ ಸೊನ್ನೆ. ಡಬ್ಬಿಗೆ ಒಳ್ಳೆ ಸೊನ್ನೆ ಕೆಟ್ಟ ಸೊನ್ನೆ ಏನು ಗೊತ್ತು? ಬೆಳ್ಳನೆ ಹಲ್ಲಿನ ಮಕ್ಕಳನ್ನೆಲ್ಲ ಸಾಲು ಸಾಲಾಗಿ ಕಿತ್ತು ಹಾಕಿತು. ಇವನ ಟೇಬಲ್ಲಲ್ಲಷ್ಟೇ ಅಲ್ಲ, ಆರೂ ಟೇಬಲ್ಲಲ್ಲಿ! ನಲವತ್ತು ಊರಿಗೆ ನಲವತ್ತೂ ನೂರಕ್ಕೆ ನೂರು ಕರೆಹಲ್ಲು. ಹೊಳೆನೀರು ಕುಡಿಯೋ ಊರಿನದೂ ನೂರಕ್ಕೆ ನೂರು.

ಮೇಡಂ ಕುರ್ಚಿಯಿಂದ ಎದ್ದರು, ಕೂತರು. "ಎಲ್ಲರದ್ದೂ ನೂರಾದರೆ ಹತ್ತು ಘಟಕ ಯಾರಿಗೆ ಕೊಡುವುದು? ಕಣ್ಣಿಗೆ ಕಂಡದ್ದನ್ನೆಲ್ಲ ಕೀಳುವುದಾ ನೀನು?"

"ನೀವೇ ಹೇಳಿದ್ದು ಮೇಡಂ."

"ನಾನು ಹೇಳಿದ್ದೆಲ್ಲ ಅಳಿಸು! ಇನ್ನು ಮೇಲೆ ಸೇರಿಸುವುದೂ ಇಲ್ಲ, ಕೀಳುವುದೂ ಇಲ್ಲ. ಜನ ಬಾಯಲ್ಲಿ ಏನು ಹೇಳಿದ್ದಾರೋ ಅದು ಹಾಗೆಯೇ ಇರಲಿ. ಜನ ಹೇಳಿದ್ದನ್ನು ತಿದ್ದಲಿಕ್ಕೆ ನೀನು ಯಾರು?"

ಹೌದಲ್ಲ, ನಾನು ಯಾರು ಅಂದುಕೊಂಡ. ಹಳೆಯದನ್ನೆಲ್ಲ ಅಳಿಸಿದ. ಬರೆದಿಟ್ಟ: ಜನ ಹೇಳಿದ್ದೇ ಸರಿ.

ಖಾಲಿ ಕಲಮ್ಮುಗಳನ್ನ ಸರ್ವೇ ಹುಡುಗಿಯರೇ ಮತ್ತೆ ಕೇಳಿ ತುಂಬಿಸಿದರು, ಈ ಸಲ ಲೆಕ್ಕ ನೀಟಾಗಿ ಬಂತು. ಮೇಡಂ ಬೆನ್ನು ತಟ್ಟಿದರು. ರಂಗಧಾಮ ಕುಣಿಯುತ್ತಾ ಮನೆಗೆ ಬಂದ.

"ಅಮ್ಮಾ, ಒಂದೂ ಬೈಗುಳ ಇಲ್ಲ ಇವತ್ತು!"

"ನಮ್ಮ ಪಾಳ್ಯ ಎಷ್ಟನೇದೋ? ಹತ್ತರೊಳಗೆ ಬಂತಾ?"

"ಮೂವತ್ತೊಂಬತ್ತನೇದು."

ಹನುಮಕ್ಕ ರೊಟ್ಟಿ ತಟ್ಟುತ್ತಿದ್ದವಳು ಮೈಯನ್ನೆಲ್ಲ ತಿರುಗಿಸಿ ನೋಡಿದಳು. "ಏನಂದೆ?"

"ನಲವತ್ತರಲ್ಲಿ ಮೂವತ್ತೊಂಬತ್ತು. ಪಾಳ್ಯದಲ್ಲಿ ಕರೆಹಲ್ಲಿನವರು ಮೂರೇ ಜನ. ಶುಕ್ರವಾರ ದೊಡ್ಡ ಸಾಹೇಬರು ಬಂದು ಪಟ್ಟಿಗೆ ಸಹಿ ಹಾಕ್ತಾರೆ."

"ಮೂರೇ ಜನ! ಈ ಬೀದೀಲಿ ಹುಟ್ಟಿ ಬೆಳೆದೋನಲ್ವೇನೋ ನೀನು? ಕನ್ನಡೀಲಿ ನಿನ್ನ ಹಲ್ಲು ನೋಡ್ಕೊಂಡಿಲ್ವಾ?"

"ನೋಡ್ಕೊಂಡಿದೀನಿ. ಆದರೆ ನಮ್ಮನೆ ಫಾರಮ್ಮಲ್ಲಿ 'ಇಲ್ಲ' ಅಂತಿದೆ. ನೀನೇ ಹೇಳಿರೋದು."

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಹನುಮಕ್ಕ ತೆಗೆಯಲಿಲ್ಲ.

ಹೌದು, ಅವಳೇ ಹೇಳಿದ್ದಳು. ಸರ್ವೇ ಹುಡುಗಿ ಬಾಗಿಲಿಗೆ ಬಂದು "ನಿಮ್ಮನೇಲಿ ಕರೆಹಲ್ಲಿನೋರು ಇದಾರಾ ಅಮ್ಮಾ" ಅಂದಾಗ, ಸೆರಗನ್ನ ಬಾಯಿಗೆ ಅಡ್ಡ ಹಿಡಿದುಕೊಂಡೇ "ಇಲ್ಲವ್ವಾ" ಅಂದಿದ್ದಳು. ಮಗನಿಗೆ ಹೆಣ್ಣು ಹುಡುಕುತ್ತಿದ್ದ ಕಾಲ. ಕರೆಹಲ್ಲಿನ ಮನೆ ಅಂತ ಕಾಗದಕ್ಕೆ ಬಿದ್ದರೆ ಯಾರು ಕೊಡ್ತಾರೆ? ಅವಳೊಬ್ಬಳೇ ಅಲ್ಲ, ಬೀದಿಗೆ ಬೀದಿಯೇ ಇಲ್ಲ ಅಂದಿತ್ತು. ಹೇಳಿಕೊಟ್ಟವರು ಯಾರೂ ಇಲ್ಲ. ನಮ್ಮ ಪಾಳ್ಯದ ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋದನ್ನ ಯಾರಾದರೂ ಹೇಳಿಕೊಡ್ತಾರಾ? ನೋಡಿ ನೋಡಿ ಬರುತ್ತೆ. ನಮ್ಮ ಮನೇಲೂ ಇಲ್ಲ ಅಂದಿದ್ದೇ. ಮದುವೆಗೆ ಬಂದ ಮೊಮ್ಮಗಳಿರೋ ಮನೆ, ಇಲ್ಲ ಅನ್ನದೆ ಇನ್ನೇನು ಅನ್ನೋದು?

ಒಲೆ ಮುಂದೆ ಕೂತು ಹನುಮಕ್ಕ ತನಗೆ ತಾನೇ ಗೊಣಗಿಕೊಂಡಳು. ಆ ಮೆಷೀನಿಗೆ ಹೇಳಿದಷ್ಟೇ ಗೊತ್ತು. ನನ್ನ ಮಗನಿಗೂ ಹೇಳಿದಷ್ಟೇ ಗೊತ್ತು. ಇಷ್ಟು ವರ್ಷ ಇವನ ತಲೆಗೆ ಏನೂ ಹೋಗಲ್ಲ ಅಂತ ಬೈಕೊಂಡೆ. ಹೋಗಿದ್ದೆಲ್ಲ ನಾವು ಹಾಕಿದ್ದೇ ಅಲ್ವಾ? ಪಾಳ್ಯದ ನೀರನ್ನ ಯಾವ ಪೆದ್ದನೂ ಕಳೀಲಿಲ್ಲ. ಬುದ್ಧಿ ಇರೋರೆಲ್ಲ ಸೇರಿ ಕಳೆದೆವು.

ಬೆಳಗಾಗೋದನ್ನೇ ಕಾದಿದ್ದು, ಮಗನ ಜೊತೆ ತಾನೂ ಬಸ್ಸು ಹತ್ತಿದಳು. ಮೇಡಂ ಮುಂದೆ ನಿಂತು ಸೆರಗು ತೆಗೆದು ತನ್ನ ಹಲ್ಲು ತೋರಿಸಿದಳು. "ನಾವು ಸುಳ್ಳು ಹೇಳಿದೀವಿ ತಾಯೀ. ಇನ್ನೊಂದ್ಸಲ ಎಣಿಸೋಕೆ ಬಿಡಿ."

ಮೇಡಂ ಆ ಹಲ್ಲನ್ನ ನೋಡಿದರು. ಆಮೇಲೆ ಪರದೆ ಮೇಲಿನ ಮೂರು ಅನ್ನೋ ಅಂಕೆಯನ್ನ ನೋಡಿದರು. "ಗುರುವಾರ ಸಂಜೆಯ ಒಳಗೆ ತಂದರೆ ಸೇರಿಸುವ" ಅಂದರು.

ದಾರಿಯಲ್ಲಿ ಹನುಮಕ್ಕ ಮಗನಿಗೆ ಬಿಡಿಸಿ ಬಿಡಿಸಿ ಹೇಳಿದಳು. "ಮನೆ ಮನೆಗೂ ಹೋಗು. ಇಲ್ಲ ಅಂದ್ರೆ ನಂಬಬೇಡ. ಬಾಯಿ ತೆಗೆಸು, ಟಾರ್ಚ್ ಹಾಕಿ ನೋಡು, ಆಮೇಲೆ ಬರ್ಕೋ. ಯಾರೇ ಇರಲಿ, ಪಾಳ್ಯದಲ್ಲಿ ಒಂದು ಬಾಯನ್ನೂ ಬಿಡಬೇಡ. ತಿಳೀತಾ?"

"ತಿಳೀತು."

ತಿಳಿದೇಬಿಟ್ಟಿತ್ತು!

ಈಗ ಹೇಳೋದನ್ನ ಮಾತ್ರ ಇನ್ನೂ ಮೆಲ್ಲಗೆ ಹೇಳ್ತೀನಿ. ಗುರುವಾರ ಮಧ್ಯಾಹ್ನ ಒಂದು ಮನೆಯಲ್ಲಿ ಹೆಣ್ಣು ನೋಡೋ ಶಾಸ್ತ್ರ. ಯಾರ ಮನೆ ಅಂತೀರಾ? ನಮ್ಮದೇ. ನನ್ನ ಮೊಮ್ಮಗಳು ಹೇಮಾವತಿಯನ್ನ ನೋಡೋಕೆ ದೊಡ್ಡೇರಿಯಿಂದ ಏಳು ಜನ ಬಂದಿದ್ದರು. ಹುಡುಗಿಗೆ ಮೂರು ದಿನದಿಂದ ಪಾಠ ಮಾಡಿದ್ದೆ. ನಗಬೇಡ, ಕೇಳಿದ್ದಕ್ಕೆ ಹ್ಞೂಂ ಅನ್ನು, ಹೆಸರು ಕೇಳಿದರೆ ತಲೆ ತಗ್ಗಿಸಿ ಹೇಳು. ಪುಣ್ಯಾತ್ಗಿತ್ತಿ ಹಾಗೇ ಕೂತಿದ್ದಳು. ಹುಡುಗನೂ ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸ್ತಾನೆ ಅಷ್ಟೆ. ಎಂಥ ಗಂಭೀರ ಹುಡುಗ ಅಂತ ನಮ್ಮವರೆಲ್ಲ ಕಣ್ಣಲ್ಲೇ ಮಾತಾಡಿಕೊಂಡರು. ಕೇಸರಿಬಾತಿನ ತಟ್ಟೆ ಇನ್ನೇನು ಕೈಗೆ ಬರಬೇಕು, ಬಾಗಿಲಲ್ಲಿ ರಂಗಧಾಮ! ಒಂದು ಕೈಲಿ ಫಾರಮ್ಮು, ಒಂದು ಕೈಲಿ ಟಾರ್ಚು.

"ದೊಡ್ಡಮ್ಮಾ, ನಿಮ್ಮನೇಲಿ ಕರೆಹಲ್ಲಿನೋರು ಇದಾರಾ?"

"ಇಲ್ಲ ಹೋಗೋ! ಆಮೇಲೆ ಬಾ!"

"ಇಲ್ಲ ಅಂದ್ರೆ ನಂಬಬೇಡ ಅಂದಿದಾಳೆ ಅಮ್ಮ. ಹೇಮಾ, ಬಾಯಿ ತೆಗೀಮ್ಮ."

ನಾನು ಏಳೋದರೊಳಗೆ ಅವನು ಮಂಡಿಯೂರಿ ಟಾರ್ಚ್ ಹಾಕಿದ್ದ. ಹುಡುಗಿ ಗಾಬರಿಯಿಂದ "ಆ" ಅಂದಳು. "ಒಂದು" ಅಂತ ಗಟ್ಟಿಯಾಗಿ ಹೇಳಿ ಬರಕೊಂಡ. ನನ್ನ ಕಡೆ ತಿರುಗಿದ. "ದೊಡ್ಡಮ್ಮಾ, ನಿಂದು?" ನಾನು ಬೈಯೋಕೆ ಅಂತ ಬಾಯಿ ತೆರೆದೆ. "ಎರಡು" ಅಂದ!

ಅಷ್ಟಕ್ಕೇ ಬಿಟ್ಟನಾ? ಒಂದು ಬಾಯನ್ನೂ ಬಿಡಬೇಡ ಅಂದಿದ್ದಾಳಲ್ಲ ಅಮ್ಮ. ಹುಡುಗನ ಮುಂದೆ ಹೋಗಿ ಕೂತ. "ಸ್ವಾಮೀ, ನೀವೂ ತೆಗೀರಿ."

ಹುಡುಗ ತುಟಿ ಇನ್ನೂ ಬಿಗಿ ಮಾಡಿಕೊಂಡ. ಹುಡುಗನ ತಾಯಿ "ಏಯ್, ಯಾರೋ ನೀನು!" ಅಂತ ಕೂಗಿದರು. ಕೂಗಿದ ಬಾಯಿಗೇ ಟಾರ್ಚು ಬಿತ್ತು. "ಮೂರು." ತಾಯಿಗಾದ ಗತಿ ನೋಡಿ ಹುಡುಗನಿಗೆ ತಡೆಯಲಾಗಲಿಲ್ಲ, ಪುಸಕ್ಕನೆ ನಗು ಬಂತು. "ನಾಲ್ಕು!"

ಗಾಂಭೀರ್ಯವೂ ಇಲ್ಲ, ಗೀಂಭೀರ್ಯವೂ ಇಲ್ಲ. ಅವನ ಹಲ್ಲೂ ನಮ್ಮ ಹೇಮನದಷ್ಟೇ ಕಂದು. ಅವರನ್ನ ಬೈಯೋಕೆ ನಮಗೆ ಬಾಯಿಲ್ಲ, ನಮ್ಮನ್ನ ಬೈಯೋಕೆ ಅವರಿಗೆ ಬಾಯಿಲ್ಲ. ಆಗ ನಮ್ಮ ಹೇಮ ನಕ್ಕಳು ನೋಡಿ. ಬಾಯಿಗೆ ಕೈ ಅಡ್ಡ ಇಡದೆ, ಹುಡುಗನ ಮುಖ ನೋಡಿಕೊಂಡು, ಗಟ್ಟಿಯಾಗಿ. ಇಪ್ಪತ್ತೆರಡು ವರ್ಷದಲ್ಲಿ ಆ ಹುಡುಗಿ ಹಾಗೆ ನಕ್ಕಿದ್ದನ್ನ ನಾನು ಕಂಡಿರಲಿಲ್ಲ. ಚೆಂದ ಕಾಣ್ತಿದ್ದಳು. ಅದನ್ನ ಅವಳಿಗೆ ಹೇಳಬೇಡಿ.

ಬಂದವರು ಕೇಸರಿಬಾತು ಮುಟ್ಟದೆ ಎದ್ದು ಹೋದರು. ರಂಗಧಾಮ ಬಾಗಿಲಲ್ಲೇ ಮಿಕ್ಕ ಐವರ ಬಾಯಿಗೂ ಟಾರ್ಚ್ ಹಾಕಿ, ಏಳೂ ಜನರನ್ನ ಪಾಳ್ಯದ ಲೆಕ್ಕಕ್ಕೆ ಬರಕೊಂಡು ಸಂಜೆ ಬಸ್ಸಿಗೆ ಪೇಟೆಗೆ ಹೋದ. ಮೇಡಂ ನೋಡಿ, "ಇವರು ಯಾರು? ಪಾಳ್ಯದವರಲ್ಲವಲ್ಲ!" ಅಂದರು.

"ಬಾಯಿ ಪಾಳ್ಯದಲ್ಲಿತ್ತು ಮೇಡಂ."

ಮೇಡಂ ಆ ಏಳು ಜನರನ್ನ ಲೆಕ್ಕದಿಂದ ಹೊಡೆದುಹಾಕಿದರು. ಆದರೂ ಪಾಳ್ಯ ಎರಡನೇ ಜಾಗಕ್ಕೆ ಬಂದು ನಿಂತಿತು. ದೊಡ್ಡೇರಿ ಎಲ್ಲಿದೆ ಅಂತ ನೋಡಿದರೆ ನಲವತ್ತನೇದು! ಒಂದು ಮನೆ ಬಿಟ್ಟು ಇಡೀ ಊರಿಗೆ ಊರೇ 'ಇಲ್ಲ' ಅಂತ ಬರೆಸಿತ್ತು. "ಹಾಗಾದರೆ ನಲವತ್ತು ಊರಿನಲ್ಲಿ ಯಾರ ಮಾತು ನಂಬುವುದು ಮಾರಾಯಾ?" ಅಂತ ತಲೆ ಮೇಲೆ ಕೈ ಹೊತ್ತು ಕೂತರು.

ನಂಬಬಾರದು ಅಂತ ಅಮ್ಮ ಹೇಳಿದ್ದಾಳಲ್ಲ! ಮೇಡಂ ಮನೆಗೆ ಹೋದ ಮೇಲೆ ರಂಗಧಾಮ ಲೈಬ್ರರಿ ತೆಗೆದ. 'ಜನ ಹೇಳಿದ್ದೇ ಸರಿ' ಅನ್ನೋದನ್ನ ಅಳಿಸಿದ. ಅಮ್ಮ ಹೇಳಿದ್ದನ್ನ ಬರೆದಿಟ್ಟ: ಇಲ್ಲ ಅಂದರೆ ನಂಬಬೇಡ, ಅಲ್ಲೇ ನಿಲ್ಲು, ಬಾಯಿ ತೆಗೆಸು.

ಶುಕ್ರವಾರ ದೊಡ್ಡ ಸಾಹೇಬರು ಬಂದರು. ಸೂಟು, ಬೂಟು, ಹಿಂದೆ ಇಬ್ಬರು. ಪಟ್ಟಿ ತೆಗೆಯೋಕೆ ತಾವೇ ಕೀಲಿ ಒತ್ತಿದರು. ಪರದೆ ಮೇಲೆ ದಪ್ಪ ಅಕ್ಷರದಲ್ಲಿ ಬಂತು: ನಂಬೋಕಾಗಲ್ಲ. ಬಾಯಿ ತೆಗೀರಿ.

"ಏನ್ರೀ ಮೇಡಂ ಇದು?"

ಮೇಡಂ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ಸಾಹೇಬರು ಇನ್ನೊಂದು ಸಲ ಒತ್ತಿದರು. ನಂಬೋಕಾಗಲ್ಲ. ಬಾಯಿ ತೆಗೀರಿ.

"ಸಾರ್, ಅದು ಕೇಳ್ತಿದೆ, ತೆಗೆದುಬಿಡಿ" ಅಂದ ಹಿಂದಿನಿಂದ ರಂಗಧಾಮ. "ಇಲ್ಲಾಂದ್ರೆ ಮುಂದಕ್ಕೆ ಹೋಗಲ್ಲ."

ಸಾಹೇಬರು ಬೆರಗಾಗಿ "ಆ?" ಅಂತ ತಿರುಗಿದರು. ಟಾರ್ಚು ಬಿತ್ತು! "ಸಾರ್‌ಗೂ ಇದೆ. ಒಂದು" ಅಂತ ಹೇಳಿ ಕೀಲಿ ಒತ್ತಿಯೇಬಿಟ್ಟ. ಪರದೆ ನಿಂತಿದ್ದ ದೊಡ್ಡೇರಿಯ ಮೊದಲನೇ ಮನೆಯ ಸಾಲಿನಲ್ಲಿ ಸಾಹೇಬರ ಹಲ್ಲು ಹೋಗಿ ಕೂತಿತು. ಪರದೆ ಒಂದು ಸಾಲು ಮುಂದೆ ಹೋಯಿತು, ಮತ್ತೆ ನಿಂತಿತು. ನಂಬೋಕಾಗಲ್ಲ. ಬಾಯಿ ತೆಗೀರಿ. ಹಾಗೆ ನಿಲ್ಲೋ ಸಾಲು ಇನ್ನೂ ಸಾವಿರದ ಒಂಬೈನೂರು ಇತ್ತಂತೆ.

ಸಾಹೇಬರು ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದವರು, ಏನನ್ನಿಸಿತೋ, ಮಡಿಸಿ ಜೇಬಿಗೆ ಹಾಕಿಕೊಂಡರು. "ನಮ್ಮದೂ ಬೋರ್‌ವೆಲ್ ಊರೇ" ಅಂದರು. ಪಾಳ್ಯದ ಕಾಗದಕ್ಕೆ ಸಹಿ ಹಾಕಿ, ಮಿಕ್ಕ ಮೂವತ್ತೊಂಬತ್ತು ಊರನ್ನ ಕಣ್ಣಾರೆ ನೋಡಿ ಎಣಿಸಿ ಅಂತ ಹೇಳಿ ಹೊರಟರು. ಅವರು ಹೋದ ಮೇಲೆ ಮೇಡಂ ರಂಗಧಾಮನನ್ನ ಕರೆದರು. ಅವನು ಬೈಸಿಕೊಳ್ಳೋಕೆ ಕೈಕಟ್ಟಿ ನಿಂತ. "ಸಾಹೇಬರ ಹಲ್ಲನ್ನು ದೊಡ್ಡೇರಿಯಿಂದ ತೆಗಿ" ಅಂದರು. "ಲೈಬ್ರರಿಯಲ್ಲಿ ಬರೆದದ್ದು ಮಾತ್ರ ಅಳಿಸಬೇಡ."

ಇದೆಲ್ಲ ನನಗೆ ಗೊತ್ತಾದದ್ದು ಗೋಡೆಯಿಂದ. ನನಗೆ ಮಾತ್ರ ಸಿಟ್ಟು ಆರಿರಲಿಲ್ಲ. ದೊಡ್ಡೇರಿಯಿಂದ ಬೇಕು ಅಂತಾನೂ ಬಂದಿಲ್ಲ, ಬೇಡ ಅಂತಾನೂ ಬಂದಿಲ್ಲ. ಭಾನುವಾರ ಹನುಮಕ್ಕನ ಬಾಗಿಲಿಗೆ ಹೋಗಿ ನಿಂತು, ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ. "ಹನುಮಕ್ಕಾ! ಆ ನಿನ್ನ ಪೆದ್ದನ್ನ ಕಟ್ಟಿಹಾಕು! ನನ್ನ ಮೊಮ್ಮಗಳ ಬಾಳು ಹಾಳು ಮಾಡಿದ!"

ಹನುಮಕ್ಕ ಕೊಡ ತೊಳೆಯುತ್ತಿದ್ದಳು. ಮೈಯನ್ನೆಲ್ಲ ತಿರುಗಿಸಿ, ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು. ಸೆರಗು ಅಡ್ಡ ಹಿಡಿಯಲಿಲ್ಲ.

"ಅವನು ಪೆದ್ದನೇ ಅಕ್ಕಾ, ನಾನೇನು ಇಲ್ಲ ಅಂದ್ನಾ? ನೀನು ಇಲ್ಲ ಅಂದಿದ್ದನ್ನೂ ನಂಬಿದ, ನಾನು ಇಲ್ಲ ಅಂದಿದ್ದನ್ನೂ ನಂಬಿದ. ಫಿಲ್ಟರ್ ನೀರು ಬಂದ ದಿನ ನಿನ್ನ ಕೊಡಾನೂ ಅವನ ಕೈಲೇ ಕೊಡು, ಮೊದಲು ನಿನ್ನದೇ ಇಡ್ತಾನೆ. ಆದರೆ ಇಟ್ಟು ಬಾ ಅನ್ನಬೇಡ, ತುಂಬಿಸ್ಕೊಂಡು ಬಾ ಅಂತ ಬಾಯಿಬಿಟ್ಟು ಹೇಳು."